ಅನ್ನಪೂರ್ಣೆಯ ಕೈಗಳು

ಹೊಳೆದಂಡೆಯ ಮಠದಲ್ಲಿ ಬಸಲಿಂಗಜ್ಜ ಚಿತ್ರ ಕಲಿಸುತ್ತಿದ್ದರು. ಅವರ ಬಳಿ ಹನ್ನೊಂದು ವರ್ಷ ಅಕ್ಕಪಕ್ಕದ ಮಣೆಯಲ್ಲಿ ಕೂತು ಕಲಿತವರು ಚನ್ನವೀರ ಮತ್ತು ಮೌನೇಶ.

ಇಲ್ಲಿ ಕಲಿತು ಇನ್ನೂ ಕಲಿಯಬೇಕೆನ್ನುವವರು ಹೊಳೆಯಾಚೆಯ ಗುಡ್ಡದ ಶಾಲೆಗೆ ಹೋಗುತ್ತಿದ್ದರು. ಅಲ್ಲಿಯ ಆಚಾರ್ಯರು ವರ್ಷಕ್ಕೆ ಒಬ್ಬನನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಒಮ್ಮೆ ಬೇಡವೆಂದವರನ್ನು ಮತ್ತೆ ಕರೆಯುತ್ತಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಶಿಷ್ಯನ ಬಗ್ಗೆ ಗುರು ಬರೆದುಕೊಟ್ಟ ಓಲೆಯನ್ನು ಅವರು ಬಿಚ್ಚಿಯೂ ನೋಡುತ್ತಿರಲಿಲ್ಲ. ಗುರುವಿನ ಎದುರು ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಪಕ್ಕದಲ್ಲಿ ಕೂತವನು ಬರೆಯಲಿ ಎನ್ನುತ್ತಿದ್ದರು.

ಆ ವರ್ಷ ಮೌನೇಶ ಹೊರಡಲು ಮನಸ್ಸು ಮಾಡಿದ. ಓಲೆ ಬರೆದುಕೊಡೆಂದು ಚನ್ನವೀರನನ್ನು ಕೇಳಿದ. ದೋಣಿ ಹೋಗುವುದು ಹುಣ್ಣಿಮೆಯ ಬೆಳಿಗ್ಗೆ, ಇನ್ನು ಮೂರೇ ದಿನ ಎಂದ.

ಚನ್ನವೀರ ಆಗಲಿ ಎಂದ. ಆದರೆ ಮೌನೇಶ ಹೋಗುವುದು ಅವನಿಗೆ ಬೇಕಿರಲಿಲ್ಲ.

ಕಾರಣ ಇಷ್ಟೇ. ಚನ್ನವೀರನಿಗೆ ಮುಖ ಬರುತ್ತಿತ್ತು, ಒಡವೆ ಬರುತ್ತಿತ್ತು, ಸೀರೆಯ ನೆರಿಗೆ ಬರುತ್ತಿತ್ತು. ಕೈ ಮಾತ್ರ ಬರುತ್ತಿರಲಿಲ್ಲ. ಅವನು ಬರೆದ ಬೆರಳುಗಳು ಮೂಲಂಗಿಯಂತೆ ಕಾಣುತ್ತಿದ್ದವು. ಮೊದಲ ವರ್ಷದಿಂದಲೂ ಮಧ್ಯಾಹ್ನದ ಊಟದ ಗಂಟೆಗೆ ಎಲ್ಲರೂ ಎದ್ದುಹೋದ ಮೇಲೆ ಮೌನೇಶ ಗೆಳೆಯನ ಹಲಗೆಯನ್ನು ತನ್ನತ್ತ ಎಳೆದುಕೊಂಡು ಕೈಗಳನ್ನು ಬರೆದುಕೊಡುತ್ತಿದ್ದ.

ಮಠದ ಪಡಸಾಲೆಯಲ್ಲಿ ಚನ್ನವೀರನ ಹೆಸರಿನ ಅನ್ನಪೂರ್ಣೆಯ ಚಿತ್ರವಿತ್ತು. ಬಂದವರೆಲ್ಲ ಸೌಟು ಹಿಡಿದ ಆ ಕೈಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದರು. ಹುಣ್ಣಿಮೆಯ ದಿನದಿಂದ ಹೊಸಬರಿಗೆ ಚನ್ನವೀರನೇ ಪಾಠ ಹೇಳಬೇಕೆಂದು ಅಜ್ಜ ಆಗಲೇ ತಿಳಿಸಿದ್ದರು. ಮೌನೇಶ ಹೋದರೆ ಗುಟ್ಟು ಎಷ್ಟು ದಿನ ನಿಂತೀತು?

ಅವನು ಓಲೆ ಬರೆದು, ಮಠದ ಮುದ್ರೆ ಒತ್ತಿಸಿಕೊಳ್ಳಲು ಅಜ್ಜನಿಗೆ ತೋರಿಸಿದ. ಮೌನೇಶ ಶ್ರದ್ಧೆಯುಳ್ಳವನು, ವಿನಯವಂತ, ದುಡಿಮೆಗೆ ಹಿಂಜರಿಯದವನು, ಹಿರಿಯರ ಮಾತು ಮೀರದವನು ಎಂದು ಅದರಲ್ಲಿತ್ತು.

ಅಜ್ಜ ಅಡುಗೆಯ ಗೌರವ್ವನನ್ನು ಕರೆದರು. ಹೆಸರೊಂದನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿ, ಇದು ಯಾರ ಸುದ್ದಿ ಎಂದು ಕೇಳಿದರು.

ಗೌರವ್ವ ಕೈ ಒರೆಸಿಕೊಳ್ಳುತ್ತ ಯೋಚಿಸಿದಳು. "ಛಲೋ ಎತ್ತಿನ ಸುದ್ದಿ ಇದ್ದಂಗ ಐತ್ರಿ ಅಜ್ಜಾರ. ಯಾರರೆ ಮಾರಾಕ ಬಂದಾರೇನು?"

ಅಜ್ಜ ಓಲೆಯನ್ನು ಚನ್ನವೀರನ ಕೈಗೆ ಹಿಂತಿರುಗಿಸಿದರು. ಚನ್ನವೀರನಿಗೆ ನಗು ಬರಲಿಲ್ಲ. ಓದಿದವರು ಮಡಚಿ ಬದಿಗಿಡುವಂಥ ಓಲೆ ಬರೆಯಬೇಕೆಂದು ಅವನೇನೂ ಕೂತಿರಲಿಲ್ಲ. ಆದರೆ ಅದು ಹಾಗಾದದ್ದಕ್ಕೆ ಒಳಗೊಳಗೇ ಸಮಾಧಾನಪಟ್ಟಿದ್ದ, ಅದು ಈಗ ಅವನಿಗೆ ತಿಳಿಯಿತು.

ಮರುದಿನ ಇನ್ನೊಂದು ಬರೆದ. ಬಿಳಿ ಬಣ್ಣವನ್ನು ಮೌನೇಶ ನೀರು ತಿಳಿಯಾಗುವ ತನಕ ತೊಳೆಯುತ್ತಾನೆ, ಒಂದು ಹರಳು ಉಳಿದರೂ ಅಷ್ಟನ್ನೂ ಚೆಲ್ಲಿ ಮೊದಲಿನಿಂದ ಅರೆಯುತ್ತಾನೆ. ತನ್ನ ಕುಂಚವನ್ನು ಯಾರು ಕೇಳಿದರೂ ಕೊಡುತ್ತಾನೆ. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬರುತ್ತಾನೆ, ಆರಿದ ರೊಟ್ಟಿಯನ್ನು ತಕರಾರಿಲ್ಲದೆ ತಿನ್ನುತ್ತಾನೆ.

ಅಜ್ಜ ಮತ್ತೆ ಗೌರವ್ವನನ್ನು ಕರೆದು ಓದಿದರು. ಈ ಸಲ ಅವಳು ಪೂರ್ತಿ ಕೇಳಲೂ ಇಲ್ಲ.

"ನಮ್ಮ ಮೌನೇಶಪ್ಪ ಅಲ್ರೀ? ಹನ್ನೊಂದು ವರ್ಷ ಆತು, ಅಂವಗ ಮಧ್ಯಾಹ್ನ ಒಂದು ಬಿಸಿ ರೊಟ್ಟಿ ಹಾಕಿದ್ದು ನನಗ ನೆನಪಿಲ್ಲ."

ಅವಳು ಒಳಗೆ ಹೋದಳು. ಅಜ್ಜ ಓಲೆಯನ್ನು ಮಡಚದೆ ಹಾಗೇ ಹಿಡಿದು ಕೂತರು.

"ಊಟಕ್ಕ ಯಾಕ ತಡಾ ಮಾಡ್ತಿದ್ದ?"

ಚನ್ನವೀರ ಓಲೆಗಾಗಿ ಕೈ ಚಾಚಿದ. ಅಜ್ಜ ಕೊಡಲಿಲ್ಲ.

"ಅದನ್ನ ನೀ ಬರದಿಲ್ಲ."

"ಅದು ಬೇಕೇನ್ರಿ ಅಜ್ಜಾರ?"

"ನನಗ ಬ್ಯಾಡ. ಓಲೆಗೆ ಬೇಕು."

ಅಷ್ಟು ಹೇಳಿ ಅಜ್ಜ ಸ್ನಾನಕ್ಕೆಂದು ಹೊಳೆಗೆ ಇಳಿದರು.

ಮೂರನೆಯ ದಿನ ಚನ್ನವೀರ ಬೆಳಗಿನಿಂದ ಲೇಖನಿ ಹಿಡಿದು ಕೂತರೂ ಒಂದಕ್ಷರ ಬರೆಯಲಿಲ್ಲ. ಊಟದ ಗಂಟೆಯಾಯಿತು. ಎಲ್ಲರೂ ಹೋದರು. ಮೌನೇಶ ಎಂದಿನಂತೆ ಗೆಳೆಯನ ಹಲಗೆಯನ್ನು ಎಳೆದುಕೊಂಡು, ಅರ್ಧವಾಗಿದ್ದ ಗೌರಿಯ ಚಿತ್ರಕ್ಕೆ ಕೈ ಬರೆದು ಮುಗಿಸಿದ. ಓಲೆ ಏನಾಯಿತೆಂದು ಕೇಳಲೇ ಇಲ್ಲ.

ಮುಗಿಸಿದ ಮೇಲೆ ತನ್ನ ಮಣೆಯ ಕೆಳಗಿನಿಂದ ಒಂದು ಕಟ್ಟು ಕಾಗದ ತೆಗೆದು ಮುಂದಿಟ್ಟ. ಹಾಳೆಯ ತುಂಬ ಕೈಗಳಿದ್ದವು. ಹೂ ಹಿಡಿದದ್ದು, ಅಭಯ ಕೊಡುವುದು, ಮಗುವಿನ ತಲೆಯ ಮೇಲಿಟ್ಟದ್ದು.

"ಇವನ್ನ ಇಟಗೋ. ನಾ ಹ್ವಾದ ಮ್ಯಾಲೆ ನೋಡಿ ನೋಡಿ ತಗಿ. ಎಲ್ಲಾ ಕೈ ಬರಿಯಾಕ ಹೊತ್ತ ಸಾಲಲಿಲ್ಲ."

ಚನ್ನವೀರನಿಗೆ ಅಳು ಬಂತು. ಇಷ್ಟು ವರ್ಷ ಪಕ್ಕದಲ್ಲಿ ಕೂತವನನ್ನು ತಾನು ನೋಡಿಯೇ ಇರಲಿಲ್ಲ ಅನ್ನಿಸಿತು. ಮೌನೇಶ ಊಟಕ್ಕೆ ಹೋದ. ಚನ್ನವೀರ ಅಲ್ಲೇ ಕೂತು ಬರೆದ.

'ಈ ಓಲೆ ಬರೆಯುವವನಿಗೆ ಕೈ ಬರೆಯಲು ಬರುವುದಿಲ್ಲ. ನಮ್ಮ ಪಡಸಾಲೆಯ ಅನ್ನಪೂರ್ಣೆಯ ಎರಡೂ ಕೈಗಳು ಮೌನೇಶನವು. ಹನ್ನೊಂದು ವರ್ಷ ನನ್ನ ಹೆಸರಿನ ಎಲ್ಲ ಚಿತ್ರಗಳ ಕೈಗಳನ್ನೂ ಅವನೇ ಬರೆದ. ಅದಕ್ಕಾಗಿ ಆರಿದ ರೊಟ್ಟಿ ತಿಂದ, ಯಾರಿಗೂ ಹೇಳಲಿಲ್ಲ. ಅವನಲ್ಲಿ ಒಂದು ದೋಷವಿದೆ. ಕೇಳಿದವರಿಗೆ ಇಲ್ಲ ಅನ್ನಲು ಬರುವುದಿಲ್ಲ. ಅದನ್ನು ನನ್ನಷ್ಟು ಬಳಸಿಕೊಂಡವರು ಬೇರೆ ಯಾರೂ ಇಲ್ಲ.'

ಅಜ್ಜ ನಿಧಾನವಾಗಿ ಎರಡು ಸಲ ಓದಿದರು. ಗೌರವ್ವನನ್ನು ಕರೆಯಲಿಲ್ಲ. ತಾವೇ ಅರಗು ಕಾಯಿಸಿ ಮುದ್ರೆ ಒತ್ತಿದರು.

ಹುಣ್ಣಿಮೆಯ ಬೆಳಿಗ್ಗೆ ದೋಣಿ ಹೊರಟಿತು. ಹತ್ತುವ ಮುಂಚೆ ಮೌನೇಶ ಏನು ಬರೆದೆ ಎಂದು ಕೇಳಿದ. ಚನ್ನವೀರ ಒಂದನ್ನೂ ಮುಚ್ಚಿಡದೆ ಹೇಳಿದ. ಮೌನೇಶ ಅವನ ಭುಜ ಹಿಡಿದು ಒತ್ತಿದ. ಆಮೇಲೆ ದೋಣಿ ಹತ್ತಿದ. ಹೊಳೆಯ ನಡುವೆ ಹೋಗುವ ತನಕ ಈ ಕಡೆಗೇ ನೋಡುತ್ತಿದ್ದ.

ಚನ್ನವೀರ ಮಠಕ್ಕೆ ಬಂದು ಪಡಸಾಲೆಯ ಅನ್ನಪೂರ್ಣೆಯನ್ನು ಕೆಳಗಿಳಿಸಿದ. ಮೂಲೆಯಲ್ಲಿದ್ದ ತನ್ನ ಹೆಸರಿನ ಪಕ್ಕ ಮೌನೇಶನ ಹೆಸರು ಬರೆದ. ಮತ್ತೆ ಗೋಡೆಗೆ ಏರಿಸಿ ಅಜ್ಜನ ಬಳಿ ಹೋದ.

ಅಂಗಳದಲ್ಲಿ ಹೊಸಬರು ಬಂದು ಸಾಲಾಗಿ ಕೂತಿದ್ದರು.

"ಇವರಿಗೆ ಪಾಠಾ ಹೇಳೋ ಯೋಗ್ಯತಾ ನನಗಿಲ್ರಿ ಅಜ್ಜಾರ. ನಾಳೆ ಎಲ್ಲಾರಿಗೂ ಗೊತ್ತಾಗತೈತಿ. ಆ ಓಲೆ ಓದಿದ ಮ್ಯಾಲೆ ಗುಡ್ಡದ ಶಾಲಿಯಂತೂ ನನ್ನ ಪಾಲಿಗೆ ಮುಗೀತು. ನಾ ಇನ್ನ ಎಲ್ಲಿ ಹೋಗ್ಲಿ?"

ಅಜ್ಜ ಸಾಲಿನ ಕೊನೆಯತ್ತ ಕೈ ತೋರಿಸಿದರು. ಅಲ್ಲೊಂದು ಖಾಲಿ ಮಣೆಯಿತ್ತು. ಅದರ ಮುಂದೆ ಮೌನೇಶ ಕೊಟ್ಟುಹೋದ ಕಾಗದದ ಕಟ್ಟನ್ನು ಅಜ್ಜ ಆಗಲೇ ತಂದಿಟ್ಟಿದ್ದರು.

"ಅಲ್ಲಿ ಕುಂತು ಕೈ ಬರಿಯೋದು ಕಲಿ. ಕಲಿತ ದಿನ ನಿನ್ನ ಓಲೆ ನಾ ಬರಿಯಂಗಿಲ್ಲ, ಅಂವ ಬರೀತಾನ."