ಪೋಸ್ಟರಿನ ಮೊದಲ ಹೆಸರು

ಆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಂದು ಶಿಸ್ತಿತ್ತು. ಸಮ್ಮೇಳನಕ್ಕೆ ಹೊರಡುವವರು ಮೊದಲು ವಿಭಾಗದವರೆಲ್ಲರ ಎದುರು ತಮ್ಮ ಸಂಶೋಧನೆಯ ಪೋಸ್ಟರಿನ ಪಕ್ಕ ನಿಂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದನ್ನು ಜಾರಿಗೆ ತಂದವರು ಮುಖ್ಯಸ್ಥರಾದ ಪ್ರೊಫೆಸರ್ ವೃಷಭೇಂದ್ರಯ್ಯನವರೇ.

ಕೆಸರಿಗಿಳಿದು ಗದ್ದೆಯ ಏಡಿಗಳನ್ನು ಅಭ್ಯಸಿಸಿದವಳು ಸಂಶೋಧನಾ ವಿದ್ಯಾರ್ಥಿನಿ ಮಂದಾಕಿನಿ. ಅವಳ ಪೋಸ್ಟರಿಗೆ ಜಪಾನಿನ ಸಮ್ಮೇಳನದಿಂದ ಪ್ರಯಾಣದ ಅನುದಾನ ಬಂತು. ಆದರೆ ಅದು ಪೋಸ್ಟರಿನಲ್ಲಿ ಮೊದಲು ಹೆಸರಿರುವವರಿಗೆ ಮಾತ್ರ.

“ನನ್ನ ಹೆಸರು ಮೊದಲಿರಲಿ,” ಎಂದರು ಮುಖ್ಯಸ್ಥರು. “ಹಿರಿಯರಿದ್ದಾಗ ಕಿರಿಯರು ಮುಂದೆ ನಿಲ್ಲಬಾರದು ಕಣಮ್ಮಾ.”

ಮಂದಾಕಿನಿಯ ಮುಖ ಬಾಡಲಿಲ್ಲ.

“ಆಗಲಿ ಸಾರ್. ಹಾಗಾದರೆ ನಾಳೆ ಪೋಸ್ಟರಿನ ಪಕ್ಕ ತಾವೇ ನಿಲ್ಲುತ್ತೀರಿ. ಎಂ.ಎಸ್ಸಿ. ಮಕ್ಕಳಿಗೆ ಈಗಲೇ ಹೇಳಿಬಿಡುತ್ತೇನೆ. ತಮ್ಮನ್ನು ಪ್ರಶ್ನೆ ಕೇಳುವ ಭಾಗ್ಯ ಅವರಿಗೆ ಇನ್ನೆಂದು ಸಿಕ್ಕೀತು?”

ಪ್ರೊಫೆಸರರು ಪೋಸ್ಟರಿನ ಏಡಿಯನ್ನು ದಿಟ್ಟಿಸಿದರು. ಏಡಿಯೂ ಅವರನ್ನು ದಿಟ್ಟಿಸಿತು. ಕನ್ನಡಕ ತೆಗೆದು ಒರೆಸಿದರು.

“ನನ್ನ ಹೆಸರು ಕೊನೆಯಲ್ಲೇ ಇರಲಿ. ಹಿರಿಯರು ಹಿಂದೆ ನಿಂತು ಆಶೀರ್ವದಿಸಬೇಕು.”

“ತಮ್ಮಿಷ್ಟ ಸಾರ್,” ಎಂದು ಪೋಸ್ಟರ್ ಸುತ್ತಿಕೊಂಡಳು.

ಬಾಗಿಲು ದಾಟುತ್ತಿದ್ದವಳನ್ನು ಅವರು ಮತ್ತೆ ಕರೆದರು.

“ನಾಳೆ ಮೊದಲ ಪ್ರಶ್ನೆ ನಾನೇ ಕೇಳುತ್ತೇನೆ. ಏನು ಕೇಳಬೇಕೆಂದು ಬರೆದುಕೊಟ್ಟು ಹೋಗಮ್ಮಾ.”