ಬಡಗಿ ತೆಗೆದುಕೊಂಡ ವೀಳ್ಯ

"ಗುರುಗಳೇ, ನೊಂದವನೇ ತನಗೆ ನೋವಿಲ್ಲ ಎಂದರೆ, ಅವನ ಪರವಾಗಿ ಬೇರೆಯವರು ನ್ಯಾಯ ಕೇಳಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮೆದು. ಅದೇ ಊರಿನ ವರ್ತಕನೊಬ್ಬ ಉಗ್ರಾಣ ಕಟ್ಟಿಸುತ್ತಿದ್ದ. ತೊಲೆ ಏರಿಸುವ ದಿನ ಬಡಗಿ, "ಹಗ್ಗ ಹಳೆಯದು, ಬೇರೆ ತರಿಸಿ" ಎಂದ. ವರ್ತಕ ಕೈ ಬಿಚ್ಚುವ ಪೈಕಿಯಲ್ಲ. "ಇದೇ ಸಾಕು, ಎಳೆಯಿರಿ" ಎಂದ. ಹಗ್ಗ ಹರಿಯಿತು. ಜಾರಿದ ತೊಲೆಯ ತುದಿ ಬಡಗಿಯ ತಲೆಗೆ ಬಡಿಯಿತು.

ಬಡಗಿ ಬಿದ್ದ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಕುಳಿತ. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಏನೂ ಆಗಿಲ್ಲ ಎಂದ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದು ಜನ ಸಮಾಧಾನಪಟ್ಟರು. ಆ ಊರಿನಲ್ಲೊಂದು ಕಟ್ಟಳೆಯಿತ್ತು. ಕೆಲಸದಲ್ಲಿ ಯಾರಿಗಾದರೂ ಪೆಟ್ಟಾದರೆ ಕೆಲಸ ಕೊಟ್ಟವನು ನಾಲ್ಕು ಜನರ ಮುಂದೆ ವೀಳ್ಯ ಕೊಡಬೇಕು. ಪೆಟ್ಟಾದವನು ಅದನ್ನು ತೆಗೆದುಕೊಂಡರೆ ಮಾತು ಮುಗಿಯಿತು. ಆಮೇಲೆ ಯಾರೂ ಅದನ್ನು ಎತ್ತುವಂತಿಲ್ಲ. ಹಗ್ಗ ತರಿಸಲು ಹಿಂದೆಮುಂದೆ ನೋಡಿದ ವರ್ತಕ ವೀಳ್ಯ ತರಿಸಲು ತಡಮಾಡಲಿಲ್ಲ. ಅಲ್ಲೇ ಕೊಟ್ಟ, ಬಡಗಿ ತೆಗೆದುಕೊಂಡ.

ಮನೆಗೆ ಬಂದವನು ಬೇರೆಯವನಾಗಿದ್ದ. ಅಳೆದ ಹಲಗೆಯನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ. ಉಳಿ ಕೈಜಾರುತ್ತಿತ್ತು, ಅದರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳು ನಕ್ಕರೆ ಸಿಡುಕುತ್ತಿದ್ದ. ಊರಿನವರು ಸೋಮಾರಿತನ ಎಂದರು, ಕುಡಿತ ಎಂದರು, ಶನಿಕಾಟ ಎಂದರು. ಹೇಳುವವರಿಗೇನು, ನಾಲಿಗೆಗೆ ಮೂಳೆಯೇ? ಕೆಲಸಕ್ಕೆ ಕರೆಯುವವರು ಮಾತ್ರ ಇಲ್ಲವಾದರು. ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು.

ಹೆಂಡತಿ ಗಂಡನನ್ನು ಕರೆದುಕೊಂಡು ನ್ಯಾಯದ ಕಟ್ಟೆಗೆ ಹೋದಳು. "ನಮ್ಮ ಯಜಮಾನರಿಗೆ ತಲೆಯ ಒಳಗೆ ಪೆಟ್ಟಾಗಿದೆ ಸ್ವಾಮಿ. ಇನ್ನು ಅವರಿಂದ ದುಡಿಯೋಕೆ ಆಗಲ್ಲ. ನಮ್ಮ ಅನ್ನಕ್ಕೊಂದು ದಾರಿ ಮಾಡಿಕೊಡಿ" ಎಂದಳು.

ವರ್ತಕ ನಕ್ಕ. "ಅವನೇ ಏನೂ ಆಗಿಲ್ಲ ಅಂತಾನೆ, ನಡುವೆ ಇವಳದ್ದೇನು? ವೀಳ್ಯ ತಗೊಂಡ ಮೇಲೆ ಮಾತು ಮುಗೀತು." ಸಾಕ್ಷಿಗೆಂದು ಒಬ್ಬ ಕಲ್ಲುಕುಟಿಗನನ್ನು ಕರೆತಂದಿದ್ದ.

ಕಲ್ಲುಕುಟಿಗ ಹೇಳಿದ: "ತಗೊಂಡಿದ್ದು ನಿಜ ಸ್ವಾಮಿ, ನಾನೇ ಕಣ್ಣಾರೆ ನೋಡಿದೆ. ಎಡಗೈ ಚಾಚಿ ತಗೊಂಡ. ತಮಾಷೆ ಮಾಡ್ತಿದ್ದಾನೆ ಅಂತ ನಾವೆಲ್ಲ ನಕ್ಕುಬಿಟ್ವಿ."

ಕಟ್ಟೆಯ ಹಿರಿಯ ತಲೆಯೆತ್ತಿದ. "ಅದಕ್ಕೆ ಮೊದಲು ಅವನು ಯಾರ ಮುಂದಾದರೂ ಎಡಗೈ ಚಾಚಿದ್ದುಂಟೇ?"

"ಎಲ್ಲಾದರೂ ಉಂಟೇ ಸ್ವಾಮಿ! ಅಂಥ ಮರ್ಯಾದಸ್ಥ..." ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ. ಅವನಿಗೂ ಆಗಲೇ ತಿಳಿದದ್ದು.

ಹಿರಿಯ ತೀರ್ಪು ಹೇಳಿದ: "ವೀಳ್ಯ ಕೈಗೆ ಬರುವ ಮೊದಲೇ ಪೆಟ್ಟು ಒಳಗಿಳಿದಿತ್ತು. ತನಗೇನಾಗಿದೆ ಎಂದು ಅರಿಯದವನ ಒಪ್ಪಿಗೆ ಒಪ್ಪಿಗೆಯಲ್ಲ." ಬಡಗಿ ಬದುಕಿರುವವರೆಗೂ ಆ ಮನೆಯ ಅನ್ನ, ಬಟ್ಟೆ, ಔಷಧಿಯ ಹೊಣೆ ವರ್ತಕನದೆಂದು ವಿಧಿಸಿದ. ಹೆಂಡತಿ ಅಲ್ಲೇ ಕುಸಿದು ಕುಳಿತು ಅತ್ತಳು.

ಬಡಗಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಊರೆದುರು ನನ್ನನ್ನು ಕೆಲಸಕ್ಕೆ ಬಾರದವನು ಮಾಡಿದೆಯಲ್ಲೇ!" ಎಂದು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದ. ಅವಳು ಮನೆಗೆ ಹೋಗಿ ಅವನಿಗೆ ಕಾಲು ತೊಳೆಯಲು ನೀರು ಕೊಟ್ಟಳು.

ಗುರುಗಳು ಕಥೆಯನ್ನು ಇಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಇದೆಂಥ ಅನ್ಯಾಯ! ಅನ್ನದ ದಾರಿ ಮಾಡಿದವಳಿಗೇ ಬೈಗುಳವೇ? ಅಂಥವನಿಗಾಗಿ ಅವಳು ಕಟ್ಟೆಗೆ ಹೋಗಲೇಬಾರದಿತ್ತು" ಎಂದ.

ಗುರುಗಳು ಅವನ ಮುಖ ನೋಡಿದರು.

"ಮಗು, ಕೆಲವರ ಗಾಯದಿಂದ ರಕ್ತ ಬರುತ್ತದೆ, ಅವನ ಗಾಯದಿಂದ ಬೈಗುಳ ಬಂತು, ಒರೆಸುವವರು ಒಬ್ಬರು ಬೇಡವೇ?"