ಜಪದ ಹೊತ್ತಿನ ಆಟ

ಹೊಳೆದಂಡೆಯ ಆಶ್ರಮಕ್ಕೆ ತಿಪ್ಪೇಶ ಮಗಳನ್ನು ಕರೆದುಕೊಂಡು ಬಂದ. ಹಂಸಿನಿಗೆ ಆರು ವರ್ಷ. ಕೈಯಲ್ಲಿ ಅಪ್ಪನ ಮೊಬೈಲು.

“ಜಪ ಹೇಗೆ ಸಾಗಿದೆ?” ಗುರುಗಳು ಕೇಳಿದರು.

“ನಿಮ್ಮ ಆಶೀರ್ವಾದ, ಬುದ್ಧಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ತಪ್ಪಿಸಿಲ್ಲ. ನಾನು ಕೂತರೆ ಮನೆಯಲ್ಲಿ ಪಿಟಿಕ್ ಅನ್ನೋರಿಲ್ಲ.”

“ಮಗು?”

“ಮೊಬೈಲ್ ಕೊಟ್ಟಿರ್ತೀನಿ. ಏನೋ ಆಟ ಆಡ್ಕೊಂಡಿರ್ತಾಳೆ. ಅವಳ ಪಾಡಿಗೆ ಅವಳು, ನನ್ನ ಪಾಡಿಗೆ ನಾನು.”

“ಯಾವ ಆಟ?”

ತಿಪ್ಪೇಶ ತಲೆ ಕೆರೆದುಕೊಂಡ. “ಮಕ್ಕಳದ್ದೇ, ಬುದ್ಧಿ.”

ಗುರುಗಳು ಎದ್ದು ಹೋಗಿ ಹುಡುಗಿಯ ಪಕ್ಕ ನೆಲದ ಮೇಲೆ ಕೂತರು. ಮಂಡಿ ಲಟಕ್ಕೆಂದಿತು. ಹಂಸಿನಿ ಕಿಸಕ್ಕನೆ ನಕ್ಕಳು.

“ನಗಬೇಡ. ಏನಿದು?”

“ನನ್ನ ಮನೆ, ತಾತ. ನಾನೇ ಕಟ್ಟಿದ್ದು. ಇಲ್ಲಿರೋದು ನಾನು. ಇವರು ಸಿಂಹ ಮಾಮ.”

“ಗೊಂಬೆಗೆ ಆ ಹೆಸರಿಟ್ಟೆಯಾ?”

“ಅಯ್ಯೋ ತಾತ, ಗೊಂಬೆ ಅಲ್ಲ! ನಿಜವಾದ ಮಾಮ. ಅವರ ಮೊಬೈಲಿಂದ ಆಡ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ. ನಿಮ್ಮ ಸ್ಕೂಲ್ ಯಾವುದು ಅಂತ ಕೇಳಿದ್ರು, ಹೇಳಿದೆ. ಸೋಮವಾರ ಗೇಟಿನ ಹತ್ತಿರ ಬರ್ತಾರಂತೆ, ಚಾಕೊಲೇಟ್ ತಗೊಂಡು. ಅಪ್ಪನಿಗೆ ಮಾತ್ರ ಹೇಳಬಾರದಂತೆ.”

ಹೇಳಿಬಿಟ್ಟು ಬಾಯಿಗೆ ಕೈ ಇಟ್ಟುಕೊಂಡಳು.

ತಿಪ್ಪೇಶನ ಕಿವಿಗೆ ಹೊಳೆಯ ಸದ್ದೂ ಬೀಳದಾಯಿತು. ಇಷ್ಟು ದಿನ ಯಾವನೋ ಒಬ್ಬ ತನ್ನ ಮನೆಯೊಳಗೇ, ತನ್ನಿಂದ ಒಂದು ಮಾರು ದೂರದಲ್ಲೇ, ತನ್ನ ಮಗಳ ಜೊತೆ ಮಾತಾಡುತ್ತಿದ್ದ. ತಾನು ಕಣ್ಣು ಮುಚ್ಚಿ ಕೂತಿದ್ದ.

ಮೊಬೈಲನ್ನು ಕಿತ್ತುಕೊಂಡ. ಹೊಳೆಗೆ ಎಸೆಯಲು ಕೈ ಎತ್ತಿದ.

ಗುರುಗಳು ಮಣಿಕಟ್ಟು ಹಿಡಿದರು. “ಎಸೆಯಬೇಡ. ಪೊಲೀಸರಿಗೆ ಬೇಕು.”

“ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ?” ತಿಪ್ಪೇಶ ಮಗಳ ಮೇಲೆ ಹರಿಹಾಯ್ದ.

ಹಂಸಿನಿ ಗುರುಗಳ ಬೆನ್ನ ಹಿಂದೆ ಸರಿದಳು.

“ಸಿಂಹ ಮಾಮ ಬಂದಿದಾರೆ, ನೋಡು ಬಾ ಅಂತ ಕರೆದೆ ಅಪ್ಪಾ. ನೀನು ಉಶ್ ಅಂದೆ.”

ತಿಪ್ಪೇಶ ಕುಸಿದು ಕೂತ.

“ಬುದ್ಧಿ... ಈಗ ನಾನೇನು ಮಾಡಲಿ?”

“ಇಬ್ಬರೂ ಸ್ಟೇಷನ್ನಿಗೆ ಹೋಗಿ. ಅವಳನ್ನು ಬೈಯಬೇಡ. ದಾರಿಯಲ್ಲಿ ಅವಳ ಹತ್ತಿರ ಆ ಆಟ ಹೇಗೆ ಆಡುವುದೆಂದು ಹೇಳಿಸಿಕೋ.”